ಲೈಸೆನ್ಸ್ ಇದ್ದರೆ ಸಾಕೇ? ವಾಹನದಲ್ಲಿ ಕೋವಿ ಒಯ್ಯುವ ಬಗ್ಗೆ ಇರುವ ತಪ್ಪು ನಂಬಿಕೆಗಳು

ಮಲೆನಾಡು, ಕರಾವಳಿ ಮತ್ತು ಕೊಡಗಿನ ಎಷ್ಟೋ ತೋಟದ ಮನೆಗಳಲ್ಲಿ ಕೋವಿ ಇರುವುದು ಹೊಸ ಸಂಗತಿಯಲ್ಲ. ಬೆಳೆ ರಕ್ಷಣೆಗೆಂದೋ ಆತ್ಮರಕ್ಷಣೆಗೆಂದೋ ಪರವಾನಗಿ ಪಡೆದು, ವರ್ಷಗಟ್ಟಲೆ ಗೋದ್ರೇಜ್ ಬೀರುವಿನಲ್ಲಿ ಇಟ್ಟಿರುತ್ತಾರೆ. ಕೋವಿ ಮನೆಯಲ್ಲಿರುವಷ್ಟು ದಿನ ಯಾರೂ ಏನೂ ಕೇಳುವುದಿಲ್ಲ. ಪರವಾನಗಿ ನವೀಕರಣ, ರಿಪೇರಿ, ಚುನಾವಣೆಗೆ ಮುಂಚೆ ಠಾಣೆಯಲ್ಲಿ ಒಪ್ಪಿಸುವುದು, ನೆಂಟರ ಮನೆಯ ಹಬ್ಬ ಹೀಗೆ ಯಾವುದೋ ಕಾರಣಕ್ಕೆ ಅದನ್ನು ಕಾರಿಗೆ ಹಾಕಿಕೊಂಡು ಹೊರಟಾಗ ಪ್ರಶ್ನೆಗಳು ಶುರುವಾಗುತ್ತವೆ.

ಆಗ ಮಾಡುವ ಸಣ್ಣ ತಪ್ಪಿನಿಂದ ಪ್ರಾಮಾಣಿಕ ಕೃಷಿಕರೂ ಕೋವಿ ಕಳೆದುಕೊಳ್ಳಬಹುದು, ಮೊಕದ್ದಮೆ ಎದುರಿಸಬೇಕಾಗಬಹುದು. ಕೆಲವೊಮ್ಮೆ ಜೀವಕ್ಕೇ ಅಪಾಯ. ಈ ಬಗ್ಗೆ ಜನರಲ್ಲಿರುವ ಐದು ನಂಬಿಕೆಗಳನ್ನು ನಾವಿಲ್ಲಿ ಒಂದೊಂದಾಗಿ ಪರಿಶೀಲಿಸೋಣ.

ನಂಬಿಕೆ 1: ಲೈಸೆನ್ಸ್ ಇದ್ದರೆ ಎಲ್ಲಿಗೆ ಬೇಕಾದರೂ ಒಯ್ಯಬಹುದು

ಭಾರತದಲ್ಲಿ ಬಂದೂಕುಗಳಿಗೆ ಅನ್ವಯಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು. ಪರವಾನಗಿಯಲ್ಲಿ ಅದು ಯಾವ ಪ್ರದೇಶಕ್ಕೆ ಅನ್ವಯ ಎಂದು ಬರೆದಿರುತ್ತದೆ. ಜಿಲ್ಲೆ ಅಥವಾ ರಾಜ್ಯದ ಗಡಿ ದಾಟುವ ಮೊದಲು ಆ ಸಾಲನ್ನು ಓದಿಕೊಳ್ಳಬೇಕು. ಕೊಡಗಿನಿಂದ ಕೇರಳಕ್ಕೆ ಅರ್ಧ ಗಂಟೆಯ ದಾರಿ ಇರಬಹುದು. ಆದರೆ ಕರ್ನಾಟಕಕ್ಕೆ ಮಾತ್ರ ಸೀಮಿತವಾದ ಪರವಾನಗಿಗೆ ಗಡಿಯ ಆಚೆ ಬೆಲೆಯಿಲ್ಲ.

ಪರವಾನಗಿಯ ಜೊತೆ ಷರತ್ತುಗಳೂ ಇರುತ್ತವೆ. ಜಿಲ್ಲಾ ದಂಡಾಧಿಕಾರಿಗಳ ವಿಶೇಷ ಅನುಮತಿ ಇಲ್ಲದೆ ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ, ಶಾಲಾ-ಕಾಲೇಜು ಆವರಣಗಳಿಗೆ ಕೋವಿ ಒಯ್ಯುವಂತಿಲ್ಲ. ಅಂದರೆ ರಿಪೇರಿಗೆ ಹೊರಟವರು ದಾರಿಯಲ್ಲಿ ಮಗಳನ್ನು ಕಾಲೇಜಿನೊಳಗೆ ಬಿಟ್ಟು ಹೋಗುವುದೂ ಸಮಸ್ಯೆಯಾಗಬಹುದು.

ಕಾಯ್ದೆಯ 20ನೇ ಸೆಕ್ಷನ್ ಬಗ್ಗೆ ತಿಳಿದವರು ಕಡಿಮೆ. ಕಾನೂನುಬಾಹಿರ ಉದ್ದೇಶಕ್ಕೆ ಬಳಸಲೆಂದೇ ಆಯುಧ ಒಯ್ಯುತ್ತಿದ್ದಾರೆ ಎಂಬ ಅನುಮಾನಕ್ಕೆ ನ್ಯಾಯವಾದ ಕಾರಣವಿದ್ದರೆ, ಪರವಾನಗಿ ಇದ್ದರೂ ಇಲ್ಲದಿದ್ದರೂ ವಾರಂಟ್ ಇಲ್ಲದೆ ಬಂಧಿಸಲು ಅದು ಅವಕಾಶ ಕೊಡುತ್ತದೆ. ಆದ್ದರಿಂದ ಕೋವಿ ಯಾರದು ಎಂಬುದರಷ್ಟೇ, ಅದನ್ನು ಹೇಗೆ ಒಯ್ಯುತ್ತಿದ್ದೀರಿ ಎಂಬುದೂ ಮುಖ್ಯ. ಚೀಲದೊಳಗೆ ಮುಚ್ಚಿ ಡಿಕ್ಕಿಯಲ್ಲಿಟ್ಟ ಖಾಲಿ ಕೋವಿಗೂ, ರಾತ್ರಿ ಹೊತ್ತು ಹಿಂದಿನ ಸೀಟಿನಲ್ಲಿ ಗುಂಡು ತುಂಬಿ ಇಟ್ಟ ಕೋವಿಗೂ ತಪಾಸಣೆ ಮಾಡುವವರ ಕಣ್ಣಿನಲ್ಲಿ ತುಂಬಾ ವ್ಯತ್ಯಾಸವಿದೆ.

ನಂಬಿಕೆ 2: ಅಪ್ಪನ ಕೋವಿಯನ್ನು ಮಗ ಒಯ್ದರೆ ತಪ್ಪೇನು?

ಪರವಾನಗಿ ಇರುವುದು ವ್ಯಕ್ತಿಗೆ, ಮನೆಗಲ್ಲ. ಆದರೆ ಕಾನೂನು ಇಲ್ಲಿ ಒಂದು ಸಣ್ಣ ದಾರಿ ಬಿಟ್ಟಿದೆ. ರಿಪೇರಿಗೆ, ಪರವಾನಗಿ ನವೀಕರಣಕ್ಕೆ ಅಥವಾ ಪರವಾನಗಿದಾರರ ಬಳಕೆಗೆಂದು ಬೇರೆಯವರು ಕೋವಿ ಒಯ್ಯಬಹುದು. ಅದಕ್ಕೆ ಪರವಾನಗಿದಾರರು ಜೊತೆಯಲ್ಲಿರಬೇಕು, ಇಲ್ಲವೇ ಅವರು ಬರೆದುಕೊಟ್ಟ ಅಧಿಕಾರ ಪತ್ರ ಇರಬೇಕು.

ವಯಸ್ಸಾದ ತಂದೆಯ ಕೋವಿಯನ್ನು ಮಗ ಪೇಟೆಗೆ ಒಯ್ಯುವಾಗ ಇಂಥ ಪತ್ರ ಬರೆಸಿಕೊಳ್ಳಲು ಐದು ನಿಮಿಷ ಸಾಕು. ಅದಿಲ್ಲದಿದ್ದರೆ ಆತ ಪರವಾನಗಿ ಇಲ್ಲದೆ ಬಂದೂಕು ಹೊಂದಿದ ಆರೋಪ ಎದುರಿಸಬೇಕಾಗಬಹುದು. 2019ರ ತಿದ್ದುಪಡಿಯ ನಂತರ ಆ ಅಪರಾಧಕ್ಕೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು ಶಿಕ್ಷೆ ಇದೆ. ಪತ್ರದ ಜೊತೆ ಮೂಲ ಪರವಾನಗಿಯೂ ವಾಹನದಲ್ಲಿರಲಿ. ಕೋವಿ ಒಯ್ಯುವವರನ್ನು ಪರವಾನಗಿ ತೋರಿಸಿ ಎಂದು ಕೇಳುವ ಅಧಿಕಾರ ಪೊಲೀಸರಿಗಿದೆ. ತೋರಿಸದಿದ್ದರೆ ಕೋವಿಯನ್ನು ವಶಕ್ಕೆ ಪಡೆಯಬಹುದು.

ತೋಟೆಗಳಿಗೂ ಪರವಾನಗಿ ಬೇಕು. ಕಳೆದ ಸಲ ಬಳಸಿ ಉಳಿದ ಎರಡು ತೋಟೆಗಳನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಮರೆತು, ಅದೇ ಕಾರನ್ನು ಸ್ನೇಹಿತರಿಗೆ ಕೊಟ್ಟರೆ ತೊಂದರೆ ಅವರಿಗೆ. ತನ್ನ ಬಳಿ ಅದು ಇದೆ ಎಂಬ ಅರಿವು ವ್ಯಕ್ತಿಗೆ ಇತ್ತೇ ಎಂಬುದನ್ನು ನ್ಯಾಯಾಲಯಗಳು ನೋಡುತ್ತವೆ ನಿಜ. ಆದರೆ ಅರಿವು ಇರಲಿಲ್ಲ ಎಂದು ತೋರಿಸುವಷ್ಟರಲ್ಲಿ ಅವರು ಸಾಕಷ್ಟು ಅಲೆದಿರುತ್ತಾರೆ.

ನಂಬಿಕೆ 3: ಕೊಡಗಿನವರಿಗೆ ಯಾವ ನಿಯಮವೂ ಇಲ್ಲ

ಇದು ಅರ್ಧ ಸತ್ಯ. ಕೊಡವರು ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಪರವಾನಗಿ ಪಡೆಯುವುದರಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 10 ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಆದರೆ ವಿನಾಯಿತಿಗೂ ಮಿತಿ ಇದೆ. ಜಿಲ್ಲೆಯ ಹೊರಗೆ ಪ್ರಯಾಣಿಸುವಾಗ ಅಥವಾ ವಾಸಿಸುವಾಗ ಒಂದು ರೈಫಲ್ ಮತ್ತು 100 ಗುಂಡು, ಒಂದು ಸಾದಾ ನಳಿಗೆಯ ಕೋವಿ ಮತ್ತು 500 ತೋಟೆಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಮೈಸೂರು ಅಥವಾ ಬೆಂಗಳೂರಿನ ತಪಾಸಣಾ ಠಾಣೆಯಲ್ಲಿ ನಿಂತವರಿಗೆ ನೀವು ವಿನಾಯಿತಿಗೆ ಅರ್ಹರು ಎಂಬುದು ಮುಖ ನೋಡಿ ತಿಳಿಯುವುದಿಲ್ಲ. ಜಿಲ್ಲಾಡಳಿತ ಕೊಡುವ ವಿನಾಯಿತಿ ಪತ್ರ ಕೋವಿಯ ಜೊತೆಗೇ ಇರಬೇಕು.

ನಂಬಿಕೆ 4: ಕಾಡಿನ ರಸ್ತೆಯಲ್ಲಿ ಸುಮ್ಮನೆ ಹಾದುಹೋದರೆ ತೊಂದರೆಯಿಲ್ಲ

ಹೆಚ್ಚು ಜನ ಎಡವುವುದು ಇಲ್ಲಿಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ, ಲಿಖಿತ ಪೂರ್ವಾನುಮತಿ ಇಲ್ಲದೆ ಯಾರೂ ಆಯುಧದೊಂದಿಗೆ ಅಭಯಾರಣ್ಯ ಪ್ರವೇಶಿಸುವಂತಿಲ್ಲ. ಈ ನಿಯಮ ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯ. ಕೋವಿ ಪರವಾನಗಿ ಆ ಅನುಮತಿಗೆ ಬದಲಿಯಲ್ಲ. ಅರಣ್ಯಾಧಿಕಾರಿಗಳು ವಾಹನ ತಡೆದು ಶೋಧಿಸಬಹುದು. ವನ್ಯಜೀವಿ ಅಪರಾಧಕ್ಕೆ ಬಳಕೆಯಾಯಿತು ಎಂದಾದರೆ ಕೋವಿಯ ಜೊತೆ ವಾಹನವನ್ನೂ ಕಳೆದುಕೊಳ್ಳುವ ಸಾಧ್ಯತೆ ಇದೆ. ನಾಗರಹೊಳೆ, ಬಂಡೀಪುರದಂಥ ಕಡೆ ರಸ್ತೆಯೇ ಉದ್ಯಾನದೊಳಗೆ ಹಾದುಹೋಗುತ್ತದೆ. ಅನುಮತಿ ಇಲ್ಲದಿದ್ದರೆ ಸುತ್ತುಬಳಸಿನ ದಾರಿಯೇ ಮೇಲು.

ಇದೇ ಕಾಯ್ದೆಯ 34ನೇ ಸೆಕ್ಷನ್ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಕೋವಿ ಪರವಾನಗಿದಾರರು ತಮ್ಮ ಹೆಸರು ನೋಂದಾಯಿಸಬೇಕು ಎನ್ನುತ್ತದೆ. ವಿನಾಯಿತಿ ಪಡೆದು ಕೋವಿ ಇಟ್ಟುಕೊಂಡವರಿಗೂ ಇದು ಅನ್ವಯ. ಇನ್ನೊಂದು ಮಾತು: ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ.

ನಂಬಿಕೆ 5: ಸೇಫ್ಟಿ ಹಾಕಿದ್ದರೆ ಗುಂಡು ಹಾರುವುದಿಲ್ಲ

ಹೆಚ್ಚಿನ ಜೋಡು ನಳಿಗೆ ಕೋವಿಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ. ಒಳಗಿನ ಸ್ಪ್ರಿಂಗ್ ಬಿಗಿದೇ ಇರುತ್ತದೆ, ಅದನ್ನು ಹಿಡಿದಿರುವುದು ಒಂದು ಸಣ್ಣ ಲೋಹದ ಕೊಂಡಿ. ದಶಕಗಳಷ್ಟು ಹಳೆಯ ಕೋವಿಯಲ್ಲಿ ಆ ಕೊಂಡಿ ಸವೆದಿರಬಹುದು. ಜೀಪು ಗುಂಡಿಗೆ ಇಳಿದಾಗಲೋ ಕೋವಿ ಕೆಳಗೆ ಬಿದ್ದಾಗಲೋ ಆಗುವ ಹೊಡೆತಕ್ಕೆ ಅದು ಜಾರಿದರೆ ಗುಂಡು ಹಾರುತ್ತದೆ. ಸೀಟಿನ ಮೇಲಿಟ್ಟ ಕೋವಿಯನ್ನು ನಳಿಗೆ ಹಿಡಿದು ತಮ್ಮತ್ತ ಎಳೆದುಕೊಳ್ಳುವುದು ಅತ್ಯಂತ ಅಪಾಯಕಾರಿ. ಟ್ರಿಗರ್ ಎಲ್ಲಾದರೂ ಸಿಕ್ಕಿಕೊಂಡರೆ ಎದುರಿಗಿರುವುದು ನಿಮ್ಮದೇ ಎದೆ.

ಕೇಪಿನ ಕೋವಿಯಲ್ಲಿ ಕೇಪು ತೆಗೆದರೆ ಅಪಾಯ ಬಹಳಷ್ಟು ಕಡಿಮೆಯಾಗುತ್ತದೆ. ಆದರೆ ನಳಿಗೆಯೊಳಗೆ ಮದ್ದು ಮತ್ತು ಚಿಲ್ಲು ಉಳಿದಿರುತ್ತವೆ. ಅದು ಖಾಲಿ ಎಂದುಕೊಂಡು ಇನ್ನೊಬ್ಬರು ಕೇಪು ಹಾಕಿದರೆ ಅನಾಹುತ ಖಚಿತ.

ಇದಕ್ಕೆ ವಿರುದ್ಧವಾದ ಒಂದು ಭಯವೂ ಇದೆ, ಬಿಸಿಲಿಗೆ ಕಾದ ಕಾರಿನಲ್ಲಿ ತೋಟೆ ತಾನಾಗಿ ಸಿಡಿಯುತ್ತದೆ ಎಂಬುದು. ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಉಷ್ಣತೆ 60-70 ಡಿಗ್ರಿ ಸೆಲ್ಸಿಯಸ್ ತಲುಪಬಹುದು. ತೋಟೆಯ ಮದ್ದು ತಾನಾಗಿ ಹೊತ್ತಿಕೊಳ್ಳಲು 150 ಡಿಗ್ರಿಗಿಂತ ಹೆಚ್ಚು ಬೇಕು. ಹಾಗಾಗಿ ಸಿಡಿಯುವುದಿಲ್ಲ, ಆದರೆ ಬಹುಕಾಲ ಬಿಸಿಯಲ್ಲಿಟ್ಟರೆ ಮದ್ದು ಕೆಡುತ್ತದೆ.

ಹಾಗಾದರೆ ಹೇಗೆ ಒಯ್ಯಬೇಕು?

ಹೊರಡುವ ಮೊದಲು ಕೋವಿ ಮಡಚಿ, ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ನೋಡಿ. ಕೇಪಿನ ಕೋವಿಯಾದರೆ ಮದ್ದು ಪೂರ್ತಿ ಖಾಲಿ ಮಾಡಿಸಿ. ಕೋವಿಯ ಚೀಲದಲ್ಲಿ ಮುಚ್ಚಿ ಡಿಕ್ಕಿಯಲ್ಲಿಡಿ. ತೋಟೆಗಳು ಬೇರೆ ಪೆಟ್ಟಿಗೆಯಲ್ಲಿರಲಿ. ಮೂಲ ದಾಖಲೆಗಳು ಕೈಗೆಟುಕುವಂತಿರಲಿ. ಚುನಾವಣೆ ಘೋಷಣೆಯಾಗಿದ್ದರೆ ಆಯುಧ ಒಪ್ಪಿಸುವ ಆದೇಶ ಬಂದಿದೆಯೇ ಎಂದು ಠಾಣೆಯಲ್ಲಿ ವಿಚಾರಿಸಿ, ಒಪ್ಪಿಸಿದಾಗ ರಶೀದಿ ಪಡೆಯಿರಿ. ದಾರಿಯಲ್ಲಿ ಊಟಕ್ಕೆ ನಿಂತರೂ ಕೋವಿ ಇರುವ ಕಾರನ್ನು ಬಿಟ್ಟು ಎಲ್ಲರೂ ಇಳಿಯಬೇಡಿ. ತಪಾಸಣೆ ಎದುರಾದರೆ ವಾಹನದಲ್ಲಿ ಕೋವಿ ಇದೆ ಎಂದು ನೀವೇ ಮೊದಲು ಹೇಳಿ, ಅದನ್ನು ತೆಗೆಯಲು ಕೈ ಹಾಕಬೇಡಿ.

ಪಿಕಪ್ ಗಾಡಿಯ ಗಾಜಿನ ಹಿಂದೆ ರೈಫಲ್ ತೂಗುಹಾಕಿಕೊಂಡು ಓಡಾಡುವ ಅಮೆರಿಕದ ವಿಡಿಯೋ ನೋಡಿದವರಿಗೆ ಇದೆಲ್ಲ ಅತಿಯಾಯಿತು ಎನಿಸಬಹುದು. ಅಲ್ಲಿಯೂ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಒಂದು ರಾಜ್ಯ ದಾಟಿ ಹೋಗುವವರಿಗೆ 1986ರ ಫೆಡರಲ್ ಕಾನೂನು ರಕ್ಷಣೆ ಕೊಡುವುದು ಕೋವಿ ಖಾಲಿಯಿದ್ದು, ಪ್ರಯಾಣಿಕರ ಕೈಗೆ ಸಿಗದಂತೆ ಇಟ್ಟಿದ್ದರೆ ಮಾತ್ರ. ನಮ್ಮ ಕಾನೂನು ಬೇರೆಯಾದರೂ ಖಾಲಿ ಮಾಡಿ, ಮುಚ್ಚಿ, ಕೈಗೆ ಸಿಗದಂತೆ ಇಡುವ ಈ ಎಚ್ಚರಿಕೆ ಇಲ್ಲಿಗೂ ಒಪ್ಪುತ್ತದೆ.