ಅಕ್ಕನ ಪುಸ್ತಕ ತಮ್ಮನಿಗೇಕಿಲ್ಲ?

ನಮ್ಮ ಬೀದಿಯ ತಾಯಿಯೊಬ್ಬರು ಕಳೆದ ವಾರ ಒಂದು ದೂರು ಹೊತ್ತು ಮನೆಗೆ ಬಂದಿದ್ದರು. ಮಗಳು ಎರಡು ವರ್ಷದ ಹಿಂದೆ ಪಿಯುಸಿಯಲ್ಲಿದ್ದಾಗ ಭೌತಶಾಸ್ತ್ರ, ಗಣಿತಗಳ ಮಾರ್ಗದರ್ಶಿ ಪುಸ್ತಕಗಳನ್ನು ಮೊಬೈಲಿನಲ್ಲೇ ಕೊಂಡಿದ್ದಳು. ಈಗ ಮಗ ಪಿಯುಸಿಗೆ ಬಂದಿದ್ದಾನೆ. ಪುಸ್ತಕ ತೆರೆಯಲು ಹೋದರೆ ಅವಧಿ ಮುಗಿದಿದೆ ಎಂಬ ಸೂಚನೆ ಬರುತ್ತದೆ. ‘ದುಡ್ಡು ಕೊಟ್ಟು ತಗೊಂಡದ್ದು ಸಾರ್. ಅಕ್ಕನ ಪುಸ್ತಕ ತಮ್ಮ ಓದಬಾರದೇನು?’ ಎಂದು ಕೇಳಿದರು.

ಕಾಗದದ ಪುಸ್ತಕವಾಗಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಒಮ್ಮೆ ಕೊಂಡರೆ ಅದು ನಮ್ಮದು. ತಮ್ಮನಿಗೆ ಕೊಡಬಹುದು, ಗೆಳೆಯನಿಗೆ ಎರವಲು ಕೊಡಬಹುದು, ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗೆ ಅರ್ಧ ಬೆಲೆಗೆ ಮಾರಲೂಬಹುದು. ಆದರೆ ಆನ್‌ಲೈನಿನಲ್ಲಿ ನಾವು ಸಾಮಾನ್ಯವಾಗಿ ಕೊಳ್ಳುವುದು ಪುಸ್ತಕವನ್ನಲ್ಲ, ಅದನ್ನು ಓದುವ ಪರವಾನಗಿಯನ್ನು.

ಈ ಪರವಾನಗಿಯ ಕಾವಲುಗಾರನ ಹೆಸರು ಡಿಜಿಟಲ್ ಹಕ್ಕು ನಿರ್ವಹಣೆ, ಚುಟುಕಾಗಿ ಡಿಆರ್‌ಎಂ. ಪ್ರಕಾಶಕರು ಪುಸ್ತಕದ ಕಡತವನ್ನು ಗೂಢಲಿಪಿಗೆ ತಿರುಗಿಸಿ ಬೀಗ ಹಾಕುತ್ತಾರೆ. ಕೀಲಿ ಮಾತ್ರ ಕಂಪನಿಯ ಹತೋಟಿಯಲ್ಲೇ ಇರುತ್ತದೆ. ಈ ಖಾತೆ ಯಾರದು, ಎಷ್ಟು ಮೊಬೈಲುಗಳಲ್ಲಿ ತೆರೆದಿದ್ದಾರೆ, ಗಡುವು ಮುಗಿದಿದೆಯೇ ಎಂದೆಲ್ಲ ನೋಡಿದ ಮೇಲೆ ಬೀಗ ತೆರೆಯುತ್ತದೆ. ನಕಲು ಮಾಡಬಹುದೇ, ಮುದ್ರಿಸಬಹುದೇ ಎಂಬುದನ್ನೂ ಅದೇ ತೀರ್ಮಾನಿಸುತ್ತದೆ.

ಪ್ರಕಾಶಕರ ಕಷ್ಟವನ್ನೂ ಕೇಳಬೇಕು. ಬೀಗವಿಲ್ಲದ ಕಡತವನ್ನು ಒಬ್ಬರು ಕೊಂಡು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಸಂಜೆಯೊಳಗೆ ಸಾವಿರ ಜನರ ಕೈಸೇರುತ್ತದೆ. ಬರೆದವರಿಗೂ ಅಚ್ಚು ಹಾಕಿದವರಿಗೂ ಬಿಡಿಗಾಸು ಸಿಗದು. ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿಸಿದ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು.

ಆದರೆ ಕೀಲಿ ಒಬ್ಬರ ಬಳಿಯೇ ಇದ್ದರೆ ಏನಾಗುತ್ತದೆ? 2009ರ ಜುಲೈನಲ್ಲಿ ಅಮೆಜಾನ್ ಕಂಪನಿ, ಅಮೆರಿಕದ ಗ್ರಾಹಕರು ಕೊಂಡಿದ್ದ ಜಾರ್ಜ್ ಆರ್ವೆಲ್‌ರ ‘1984’ ಮತ್ತು ‘ಅನಿಮಲ್ ಫಾರ್ಮ್’ ಪ್ರತಿಗಳನ್ನು ಅವರ ಕಿಂಡಲ್ ಯಂತ್ರಗಳಿಂದ ದೂರದಿಂದಲೇ ಅಳಿಸಿಹಾಕಿತು. ಮಾರಿದವರಿಗೆ ಅಲ್ಲಿ ಮಾರುವ ಹಕ್ಕೇ ಇರಲಿಲ್ಲ ಎಂಬುದು ಕಾರಣ. ಹಣವೇನೋ ಹಿಂದಿರುಗಿತು. ಆದರೆ ಶಾಲೆಯ ಪಾಠಕ್ಕಾಗಿ ‘1984’ ಓದುತ್ತ ಟಿಪ್ಪಣಿ ಮಾಡಿಕೊಂಡಿದ್ದ ಮಿಶಿಗನ್‌ನ ಒಬ್ಬ ಹುಡುಗನಿಗೆ ಪುಸ್ತಕವಿಲ್ಲದೆ ಆ ಟಿಪ್ಪಣಿಗಳು ಕೆಲಸಕ್ಕೆ ಬಾರದಾದವು. ಆತ ನ್ಯಾಯಾಲಯಕ್ಕೆ ಹೋದ. ಕಂಪನಿಯ ಮುಖ್ಯಸ್ಥ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಿದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿದಾಗಲೂ ಕೊಂಡವರಿಗೆ ಹಣ ಸಿಕ್ಕಿತು, ಪುಸ್ತಕಗಳು ಉಳಿಯಲಿಲ್ಲ.

ಬೀಗವಿಲ್ಲದ ದಾರಿಯೂ ಉಂಟು. 2012ರಲ್ಲಿ ಟಾರ್ ಪ್ರಕಾಶನ ತನ್ನ ಇ-ಪುಸ್ತಕಗಳ ಬೀಗ ತೆಗೆಯಿತು. ಅದೇ ವರ್ಷ ಹ್ಯಾರಿ ಪಾಟರ್ ಇ-ಪುಸ್ತಕಗಳು ಬಂದಾಗ ಪ್ರತಿಯೊಂದರಲ್ಲೂ ಕೊಂಡವರ ಗುರುತು ಅಡಗಿರುವ ನೀರುಗುರುತು ಇತ್ತು. ಓದಲು ಅಡ್ಡಿಯಿಲ್ಲ, ಹಂಚಿದರೆ ಮಾತ್ರ ಯಾರ ಪ್ರತಿ ಎಂದು ತಿಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ, ಸಿಗುವುದು ಪರವಾನಗಿ ಮಾತ್ರ ಎಂದು ಸ್ಪಷ್ಟಪಡಿಸದೆ ‘ಕೊಳ್ಳಿ’ ಎಂಬ ಪದ ಬಳಸುವಂತಿಲ್ಲ.

ತಾಯಿ ತಂದೆಯರು ಹಣ ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಲಿ. ಎಷ್ಟು ದಿನ ಓದಬಹುದು? ಎಷ್ಟು ಯಂತ್ರಗಳಲ್ಲಿ ತೆರೆಯುತ್ತದೆ? ಮುದ್ರಿಸಿಕೊಳ್ಳಬಹುದೇ? ಮನೆಯ ಇನ್ನೊಬ್ಬರು ಬಳಸಬಹುದೇ? ಉತ್ತರ ಷರತ್ತುಗಳ ಸಣ್ಣಕ್ಷರದಲ್ಲಿ ಇರುತ್ತದೆ. ಎರಡು ವರ್ಷ ಕಳೆದ ಮೇಲೆ ಓದಿ ಫಲವಿಲ್ಲ. ಮಕ್ಕಳೇ, ನಿಮ್ಮ ಟಿಪ್ಪಣಿಗಳನ್ನಂತೂ ನೋಟ್‌ಬುಕ್ಕಿನಲ್ಲೇ ಬರೆದಿಡಿ. ಅದಕ್ಕೆ ಯಾರೂ ಬೀಗ ಹಾಕಲಾರರು.

ಆ ತಾಯಿಗೆ ಹಣ ವಾಪಸು ಕೊಡಿಸುವುದು ನನ್ನಿಂದಾಗಲಿಲ್ಲ. ಆದರೆ ನಮ್ಮ ಪಿಯುಸಿ ವಿಜ್ಞಾನಕ್ಕೆ ಇರುವುದು ಎನ್‌ಸಿಇಆರ್‌ಟಿ ಪಠ್ಯಪುಸ್ತಕ, ಅದನ್ನು ಆ ಸಂಸ್ಥೆಯೇ ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ ಎಂದು ತೋರಿಸಿಕೊಟ್ಟೆ. ಹುಡುಗ ಅಲ್ಲೇ ಕುಳಿತು ಮೊದಲ ಅಧ್ಯಾಯ ಇಳಿಸಿಕೊಂಡ. ಗಡುವಿನ ಮಾತು ಬರಲಿಲ್ಲ.