ತಂಡವೂ ಸಂಘವೂ

ಪ್ರತಿ ವರ್ಷ ಜಾತ್ರೆಯ ಮಾರನೆಯ ದಿನ ನಮ್ಮೂರಿನಲ್ಲಿ ವಾಲಿಬಾಲ್ ಪಂದ್ಯ ನಡೆಯುವುದು ವಾಡಿಕೆ. ಎಂಟು ದಿನ ಮುಂಚೆ ತಂಡ ಹುಟ್ಟುತ್ತದೆ. ಪಂದ್ಯ ಮುಗಿದ ರಾತ್ರಿಯೇ ಕರಗಿಹೋಗುತ್ತದೆ. ನನ್ನ ಅಣ್ಣ ಅಂಥ ತಂಡದಲ್ಲಿ ಆರು ವರ್ಷ ಆಡಿದನು. ಒಂದು ವರ್ಷ ಹೊಳಲ್ಕೆರೆ, ಹಿರಿಯೂರು ಕಡೆಯಿಂದ ಬಂದ ತಂಡಗಳನ್ನೆಲ್ಲ ಸೋಲಿಸಿ ಷೀಲ್ಡು ತಂದರು. ಆ ಷೀಲ್ಡು ಈಗಲೂ ಊರಿನ ಹೋಟೆಲಿನ ಗೋಡೆಯ ಮೇಲಿದೆ. ಗೆದ್ದವರು ಯಾರು ಎಂದು ಹೋದ ಬೇಸಿಗೆಯಲ್ಲಿ ಅಲ್ಲಿಯ ಹುಡುಗನನ್ನು ಕೇಳಿದೆ. "ಗೊತ್ತಿಲ್ಲಣ್ಣ, ಯಾವ ಕಾಲದ್ದೋ" ಎಂದನು. ಅದು ನಡೆದು ಇನ್ನೂ ಹತ್ತು ವರ್ಷ ತುಂಬಿಲ್ಲ!

ನಮ್ಮ ಕಡೆ ಆಟಗಾರರಿಗೆ ಬರವಿಲ್ಲ. ತಂಡಗಳಿಗೂ ಬರವಿಲ್ಲ. ಇಲ್ಲದಿರುವುದು ಸಂಘ. ತಂಡವು ಒಂದು ದಿನದ್ದು, ಸಂಘವು ತಲೆಮಾರುಗಳದ್ದು. ಈ ಭೇದವನ್ನು ನಾವು ತಿಳಿದುಕೊಳ್ಳದಿದ್ದರೆ ಎಷ್ಟು ಗೆದ್ದರೂ ಗೆದ್ದಂತಾಗುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಇದನ್ನು ಸಮರ್ಥಿಸಲು ವಾಚಕರನ್ನು ಸ್ವಲ್ಪ ದೂರ ಕರೆದೊಯ್ಯಬೇಕಾಗಿದೆ, ಮನ್ನಿಸಬೇಕು.

2022ರ ವಿಶ್ವಕಪ್ ಫುಟ್ಬಾಲಿನಲ್ಲಿ ಮೊರಾಕ್ಕೊ ದೇಶವು ಸೆಮಿಫೈನಲ್ ಮುಟ್ಟಿದಾಗ ನಾವು ಕೆಲವು ಗೆಳೆಯರು ಒಂದೇ ಮೊಬೈಲಿನ ಸುತ್ತ ಕುಳಿತು ನೋಡಿದ್ದೆವು. ಆಫ್ರಿಕದ ಯಾವ ದೇಶವೂ ಅದಕ್ಕೆ ಮುಂಚೆ ಅಷ್ಟು ದೂರ ಬಂದಿರಲಿಲ್ಲ. ಆ ತಂಡದ ಶಿಕ್ಷಕ ವಾಲಿದ್ ರೆಗ್ರಾಗಿ ಅದೇ ವರ್ಷದ ಮೇ ತಿಂಗಳಲ್ಲಿ ಕಾಸಾಬ್ಲಾಂಕಾ ನಗರದ ವಿದಾದ್ ಎಂಬ ಕ್ಲಬ್ಬಿಗೆ ಆಫ್ರಿಕ ಖಂಡದ ಚಾಂಪಿಯನ್ ಪದವಿಯನ್ನು ಗೆದ್ದುಕೊಟ್ಟಿದ್ದರು. ಕುತೂಹಲದಿಂದ ಆ ಕ್ಲಬ್ಬಿನ ಚರಿತ್ರೆಯನ್ನು ಹುಡುಕಿ ಓದಿದೆ.

ಮೊರಾಕ್ಕೊ ಆಗ ಫ್ರೆಂಚರ ಆಡಳಿತದಲ್ಲಿತ್ತು. ಕಾಸಾಬ್ಲಾಂಕಾ ಬಂದರಿನ ಈಜುಕೊಳಗಳಲ್ಲಿ ಆ ನೆಲದ ಮಕ್ಕಳಿಗೇ ಪ್ರವೇಶ ದುರ್ಲಭವಾಗಿತ್ತು. ಆಗ ಕೆಲವು ಮೊರಾಕ್ಕೊ ತರುಣರು, ನಮ್ಮದೇ ಒಂದು ಸಂಘವಿರಲೆಂದು, 1937ರ ಮೇ ತಿಂಗಳಲ್ಲಿ ಈ ಕ್ಲಬ್ಬನ್ನು ಕಟ್ಟಿದರು. ಮೊದಲು ಅದು ನೀರಾಟದ ಸಂಘ. 1939ರಲ್ಲಿ ಫುಟ್ಬಾಲ್ ಸೇರಿತು. ವಿದಾದ್ ಎಂದರೆ ಪ್ರೀತಿ, ಸ್ನೇಹ. ಹೆಸರಿಡುವ ಸಭೆಗೆ ಒಬ್ಬರು ತಡವಾಗಿ ಬಂದರಂತೆ. ಕಾರಣ ಕೇಳಿದರೆ ಆ ಹೆಸರಿನ ಸಿನಿಮಾ ನೋಡುತ್ತಿದ್ದೆ ಎಂದರಂತೆ. ಅದೇ ಹೆಸರು ನಿಂತಿತೆಂದು ಅಲ್ಲಿ ಕಥೆ ಹೇಳುತ್ತಾರೆ. 1956ರಲ್ಲಿ ದೇಶ ಸ್ವತಂತ್ರವಾದ ಮೇಲೆ ನಡೆದ ಮೊದಲ ಲೀಗನ್ನು ಗೆದ್ದುದು ಇದೇ ಕ್ಲಬ್ಬು. 1992, 2017, 2022ರಲ್ಲಿ ಆಫ್ರಿಕದ ಚಾಂಪಿಯನ್. 2022ರ ಹೊತ್ತಿಗೆ ದೇಶದ ಲೀಗಿನಲ್ಲಿ 22 ಗೆಲುವು. 2025ರಲ್ಲಿ ಅಮೆರಿಕದಲ್ಲಿ ನಡೆದ ಕ್ಲಬ್ಬುಗಳ ವಿಶ್ವಕಪ್ಪಿಗೆ ಹೋಗಿ ಆಡಿದ ಮೂರು ಪಂದ್ಯಗಳಲ್ಲೂ ಸೋತಿತು. ಆ ಸೋಲೂ ಅದರ ಲೆಕ್ಕದಲ್ಲಿದೆ. ಸಂಘವೆಂದರೆ ಹೀಗಿರಬೇಕು.

ಈಗ ನಮ್ಮ ನಾಡಿಗೆ ಬರೋಣ. ಅದೇ 1937ನೆಯ ವರ್ಷ ಬೆಂಗಳೂರಿನಿಂದ ಒಂದು ಫುಟ್ಬಾಲ್ ತಂಡ ರೋವರ್ಸ್ ಕಪ್ ಪಂದ್ಯಾವಳಿಗೆಂದು ಬೊಂಬಾಯಿಗೆ ಹೋಯಿತು. 1891ರಲ್ಲಿ ಆರಂಭವಾದ ಆ ಕಪ್ಪನ್ನು ಅಲ್ಲಿಯವರೆಗೆ ಬ್ರಿಟಿಷ್ ಸೈನ್ಯದ ತಂಡಗಳೇ ಬಹುಮಟ್ಟಿಗೆ ಹಂಚಿಕೊಳ್ಳುತ್ತಿದ್ದವು. ನಮ್ಮವರ ಹೆಸರು ಬೆಂಗಳೂರು ಮುಸ್ಲಿಮ್ಸ್. ಫೈನಲಿನಲ್ಲಿ ಎದುರಾದುದು ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್. 1934ರಿಂದ ಕಲ್ಕತ್ತಾ ಲೀಗನ್ನು ಬಿಡದೆ ಗೆಲ್ಲುತ್ತಿದ್ದ ತಂಡ. ಅದನ್ನು ಒಂದು ಗೋಲಿನಿಂದ ಸೋಲಿಸಿ, ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ನಾಗರಿಕ ಕ್ಲಬ್ಬೆಂಬ ಕೀರ್ತಿಯನ್ನು ನಮ್ಮವರು ಪಡೆದರು. 1938ರಲ್ಲಿ ಮತ್ತೆ ಗೆದ್ದರು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಮೋಹನ ಬಾಗಾನನ್ನು ಸೋಲಿಸಿ ಮೂರನೆಯ ಸಲ ಗೆದ್ದರು.

ಅದೇ 1948ರಲ್ಲಿ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತವು ಫ್ರಾನ್ಸಿನೊಡನೆ 2–1ರಿಂದ ಸೋತಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಮೈಸೂರು ರಾಜ್ಯವು ಸಂತೋಷ್ ಟ್ರೋಫಿಯನ್ನು 1946–47, 1952–53, 1967–68, 1968–69ರಲ್ಲಿ ನಾಲ್ಕು ಸಲ ಗೆದ್ದಿತು. ಐದನೆಯದಕ್ಕೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚಿಯಲ್ಲಿ ಕರ್ನಾಟಕವು ಸೌದಿ ಅರೇಬಿಯದ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿತು.

ಇವು ಸಣ್ಣ ಗೌರವಗಳೇ? ಆದರೂ ನನ್ನ ತರಗತಿಯಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ಹೆಸರನ್ನು ಕೇಳಿದ್ದವರು ಒಬ್ಬರೂ ಇರಲಿಲ್ಲ. ನಾನೂ ಕೇಳಿದ್ದುದು ಇತ್ತೀಚೆಗೆ, ಅದೂ ವಿದಾದ್ ಚರಿತ್ರೆಯನ್ನು ಓದಿ 1937ರಲ್ಲಿ ನಮ್ಮಲ್ಲೇನು ನಡೆಯಿತೆಂದು ಹುಡುಕಿದ ಮೇಲೆ. ಕಾಸಾಬ್ಲಾಂಕಾದ ಹುಡುಗನಿಗೆ ತನ್ನ ಕ್ಲಬ್ಬಿನ ಸಭೆಗೆ ತಡವಾಗಿ ಬಂದವರ ಕಥೆಯೂ ಗೊತ್ತು. ಚಿತ್ರದುರ್ಗದ ಹುಡುಗನಿಗೆ ತನ್ನ ನಾಡಿಗೆ ಕಪ್ಪು ತಂದವರ ಹೆಸರೂ ಗೊತ್ತಿಲ್ಲ. ರೋವರ್ಸ್ ಕಪ್ ಪಂದ್ಯಾವಳಿಯೇ ಈ ಶತಮಾನದ ಆರಂಭದಲ್ಲಿ ನಿಂತುಹೋಯಿತು. ಬೆಳ್ಳಿಯ ಪಾತ್ರೆ ನೆನಪನ್ನು ಕಾಯುವುದಿಲ್ಲ, ಮಿತ್ರರೇ, ಮನುಷ್ಯರು ಕಾಯಬೇಕು.

"ಅದೆಲ್ಲ ಹಣವಿದ್ದವರ ಮಾತು" ಎಂದು ಕೆಲವರು ಹೇಳಬಹುದು. ಸುಳ್ಳಲ್ಲ. 2013ರಲ್ಲಿ ದೊಡ್ಡ ಕಂಪನಿಯೊಂದು ಕಟ್ಟಿದ ಬೆಂಗಳೂರು ಎಫ್.ಸಿ. ಮೊದಲ ವರ್ಷವೇ ಐ–ಲೀಗನ್ನೂ 2022ರಲ್ಲಿ ಡ್ಯೂರಾಂಡ್ ಕಪ್ಪನ್ನೂ ಗೆದ್ದುದುಂಟು. ಆದರೆ ಹೊಸದುರ್ಗಕ್ಕೋ ಹಿರಿಯೂರಿಗೋ ಕಂಪನಿ ಬರಲೆಂದು ಕಾಯುತ್ತ ಕೂರೋಣವೇ? ವಿದಾದ್ ಕಟ್ಟಿದವರಿಗೆ ಈಜಲು ಒಂದು ಕೊಳವೂ ಇರಲಿಲ್ಲವಲ್ಲ! ಇನ್ನು ಕೆಲವರು "ಫೋಟೋಗಳು ಮೊಬೈಲಿನಲ್ಲಿವೆ" ಎನ್ನುತ್ತಾರೆ. ಅಣ್ಣನ ಷೀಲ್ಡಿನ ಫೋಟೋವೂ ಇತ್ತು. ಆ ಮೊಬೈಲು ಕೆಟ್ಟ ದಿನ ಅದೂ ಹೋಯಿತು.

ಆದುದರಿಂದ ನನ್ನ ಸೂಚನೆ ಸರಳವಾದುದು. ಬೆಳಗಿನ ಬಸ್ಸಿಗೆ ನಾಲ್ಕು ದಿಕ್ಕಿನಿಂದ ಬಂದು, ಮೂರು ವರ್ಷ ಓದಿ, ಚದುರಿಹೋಗುವವರು ನಾವು. ನಮ್ಮ ಕಾಲೇಜಿನಲ್ಲಿ ಒಂದು ಕ್ರೀಡಾ ಸಂಘವಿರಲಿ. ಅದಕ್ಕೆ ಒಂದು ಹೆಸರು, ವರ್ಷಕ್ಕೆ ಅಲ್ಪ ಚಂದಾ, ಒಂದು ಗಟ್ಟಿ ರಟ್ಟಿನ ಪುಸ್ತಕ ಸಾಕು. ಯಾರು ಆಡಿದರು, ಯಾವ ಊರಿನವರು, ಎಲ್ಲಿ ಗೆದ್ದರು, ಎಲ್ಲಿ ಸೋತರು ಎಂದು ಅದರಲ್ಲಿ ಬರೆಯಲಿ. ಕಬಡ್ಡಿಯ ಹುಡುಗರನ್ನೂ ಖೋ-ಖೋ ಆಡುವ ವಿದ್ಯಾರ್ಥಿನಿಯರನ್ನೂ ಬಿಡದೆ ಬರೆಯಲಿ. ಪದವಿ ಪಡೆದು ಹೋದವರು ಸದಸ್ಯರಾಗಿಯೇ ಉಳಿಯಲಿ. ತಮ್ಮ ಊರಿನಲ್ಲಿ ಇಂಥದೇ ಒಂದನ್ನು ಆರಂಭಿಸಲಿ. ಅಧ್ಯಾಪಕರು ಮಾರ್ಗದರ್ಶನ ಮಾಡಬೇಕೆಂದು ವಿನಯಪೂರ್ವಕವಾಗಿ ಕೋರುತ್ತೇನೆ.

ಅಣ್ಣ ಹತ್ತನೆಯ ತರಗತಿಗೇ ಓದು ಬಿಟ್ಟು ತೆಂಗಿನ ತೋಟದ ಕೂಲಿಗೆ ಹೋದುದರಿಂದ ನಾನು ಬಿ.ಎ. ತರಗತಿಯಲ್ಲಿ ಕುಳಿತಿದ್ದೇನೆ. ನನ್ನ ಹೆಸರು ಕಾಲೇಜಿನ ರಿಜಿಸ್ಟರಿನಲ್ಲಿದೆ. ಮುಂದೆ ಪದವಿಯ ಪತ್ರದಲ್ಲಿಯೂ ಇರುತ್ತದೆ. ನಮ್ಮ ಮನೆಯಲ್ಲಿ ಮೊದಲು ಗೆದ್ದವನು ಅವನು. ಅವನ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಈ ಬಾರಿ ಊರಿಗೆ ಹೋದಾಗ ಒಂದು ನೋಟುಪುಸ್ತಕ ಕೊಂಡೊಯ್ದು, ಆ ವರ್ಷ ಆಡಿದ ಆರು ಜನರ ಹೆಸರನ್ನೂ ಅವನ ಬಾಯಿಂದಲೇ ಕೇಳಿ ಬರೆದುಕೊಳ್ಳುತ್ತೇನೆ. ಸಂಘಕ್ಕೆ ಅದು ಮೊದಲ ಪುಟವಾಗಲಿ.