ಸರ್ವರ್ ಮಲಗಿದರೆ ಮನೆಯೂ ಮಲಗಬೇಕೆ?

2025ರ ಅಕ್ಟೋಬರ್ 20ರಂದು ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಕ್ಲೌಡ್ ಕೇಂದ್ರಗಳು ಕೈಕೊಟ್ಟವು. ಅಲೆಕ್ಸಾ ಕರೆದರೂ ಓಗೊಡಲಿಲ್ಲ, ಬಾಗಿಲು ಕಾಯುವ ರಿಂಗ್ ಕ್ಯಾಮೆರಾಗಳೂ ತಡವರಿಸಿದವು. ಏಟ್ ಸ್ಲೀಪ್ ಕಂಪನಿಯ ಹಾಸಿಗೆ ಕೊಂಡವರ ಪಾಡಂತೂ ಇನ್ನೂ ವಿಚಿತ್ರ. ಮೈಗೆ ಹಿತವಾಗುವಂತೆ ಬಿಸಿ, ತಂಪು ಮಾಡಿಕೊಡುವ ಆ ದುಬಾರಿ ಹಾಸಿಗೆ ಕೆಲವರಿಗೆ ಕಾವು ಇಳಿಸಲಿಲ್ಲ. ಇನ್ನು ಕೆಲವರ ಮಂಚ ಎತ್ತಿದ ತಲೆಯನ್ನು ಇಳಿಸಲಿಲ್ಲ. ಕಂಪನಿ ಕ್ಷಮೆ ಕೇಳಿತು. ನೆಟ್ ಇಲ್ಲದಾಗಲೂ ನಡೆಯುವ ಏರ್ಪಾಡನ್ನು ಜೋಡಿಸಿದ್ದು ಇಷ್ಟೆಲ್ಲ ಆದಮೇಲೆ!

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಸದ್ದಿಲ್ಲದೆ ದುಡಿಯುವ ಜಾಣ ಸಾಧನವೊಂದಿದೆ. ಅದನ್ನು ಯಾರೂ ಸ್ಮಾರ್ಟ್ ಎನ್ನುವುದಿಲ್ಲ. ಮೋಟಾರ್ ಸ್ವಿಚ್ಚಿನ ಪಕ್ಕದಲ್ಲಿ ಕೆಂಪು, ಹಸಿರು ದೀಪ ಮಿಣುಕಿಸುತ್ತ ಕೂತಿರುವ ವಾಟರ್ ಲೆವೆಲ್ ಕಂಟ್ರೋಲರ್ ಅದು. ಮೇಲಿನ ಟ್ಯಾಂಕಿನಲ್ಲಿ ನೀರು ಇಳಿದರೆ ಮೋಟಾರ್ ಶುರು, ತುಂಬಿದರೆ ಬಂದ್. ಸಂಪ್ ಬರಿದಾಗಿದ್ದರೆ ಮೋಟಾರ್ ನೀರಿಲ್ಲದೆ ಓಡಿ ಸುಟ್ಟುಹೋಗದಂತೆ ತಡೆಯುವುದೂ ಅದೇ. ಆ್ಯಪ್ ಬೇಡ, ಪಾಸ್‌ವರ್ಡ್ ಬೇಡ. ಟ್ಯಾಂಕ್ ತುಂಬಿ ಸುರಿಯುತ್ತಿದೆ ಎಂದು ಪಕ್ಕದ ಮನೆಯವರು ಬಂದು ಬೆಲ್ ಒತ್ತುವುದು ತಪ್ಪಿದೆಯಲ್ಲ, ಸಲೀಸು ಎಂದರೆ ಅದು.

ಇದರ ಪಕ್ಕದಲ್ಲಿ ಸ್ಮಾರ್ಟ್ ಬಲ್ಬನ್ನು ಇಟ್ಟು ನೋಡಬೇಕು. ಗೋಡೆಯ ಸ್ವಿಚ್ ಸದಾ ಆನ್ ಇದ್ದರೆ ಮಾತ್ರ ಅದು ಮಾತು ಕೇಳುತ್ತದೆ. ಆದರೆ ಕೋಣೆಯಿಂದ ಹೊರಡುವಾಗ ಲೈಟ್ ಆರಿಸುವುದು ಅಜ್ಜಿಗೆ ಜೀವಮಾನದ ಅಭ್ಯಾಸ. ಅವರು ಸ್ವಿಚ್ ಒತ್ತಿದ ಮೇಲೆ ಮೊಮ್ಮಗ ಎಷ್ಟು ಕೂಗಿದರೂ ಬಲ್ಬ್ ಸತ್ತಂತೆಯೇ. ಕೊನೆಗೆ ಸ್ವಿಚ್ಚಿಗೆ ಸೆಲ್ಲೋಟೇಪ್ ಅಂಟಿಸಿ ‘ಮುಟ್ಟಬೇಡಿ’ ಎಂದು ಬರೆಯಬೇಕು. ರೂಟರ್ ಬದಲಾದರೆ ಎಲ್ಲವನ್ನೂ ಮತ್ತೆ ಜೋಡಿಸುವ ಕೆಲಸ ಬೇರೆ. ಇಷ್ಟೆಲ್ಲ ಮಾಡಿದರೂ ಪಾತ್ರೆ, ಬಟ್ಟೆ, ಅಡುಗೆಯ ಕೆಲಸ ಇದ್ದಲ್ಲೇ ಇರುತ್ತದೆ.

ಹಾಗೆಂದು ಎಲ್ಲವೂ ಶೋಕಿಯಲ್ಲ. ಹಾಸಿಗೆ ಹಿಡಿದವರಿಗೆ ಬಾಯಲ್ಲಿ ಹೇಳಿ ಫ್ಯಾನ್ ಹಾಕಿಸುವುದು ದೊಡ್ಡ ಸ್ವಾತಂತ್ರ್ಯ. ಊರಲ್ಲಿ ಒಂಟಿಯಾಗಿರುವ ಅಪ್ಪ ಅಮ್ಮನ ಮನೆಬಾಗಿಲನ್ನು ದೂರದೇಶದಿಂದ ನೋಡುವ ಮಕ್ಕಳಿಗೆ ಕ್ಯಾಮೆರಾ ಒಂದಿಷ್ಟು ಧೈರ್ಯ ಕೊಡುತ್ತದೆ. ಅಂಥ ಮನೆಗಳಿಗೇ ಸಾಧನ ನಡುವೆ ಕೈಬಿಡದಿರುವುದು ಹೆಚ್ಚು ಮುಖ್ಯ.

ಕೈಬಿಟ್ಟ ಉದಾಹರಣೆಗಳು ಇಲ್ಲದಿಲ್ಲ. ಮನೆಯ ಸಾಧನಗಳನ್ನೆಲ್ಲ ಒಂದೆಡೆ ಬೆಸೆಯುತ್ತಿದ್ದ, ಸುಮಾರು 300 ಡಾಲರಿನ ರಿವಾಲ್ವ್ ಹಬ್ 2016ರ ಮೇನಲ್ಲಿ ಕೆಲಸಕ್ಕೆ ಬಾರದಂತಾಯಿತು. ರಿವಾಲ್ವ್ ಕಂಪನಿಯನ್ನು 2014ರಲ್ಲಿ ಕೊಂಡಿದ್ದ ನೆಸ್ಟ್ ಎಂಬ ಕಂಪನಿ ಹಬ್‌ನ ಸರ್ವರನ್ನೇ ಮುಚ್ಚಿತ್ತು. 2025ರ ಅಕ್ಟೋಬರಿನಲ್ಲಿ ಮನೆಯ ಕಾವನ್ನು ಹದದಲ್ಲಿಡುವ ನೆಸ್ಟ್‌ನ ಹಳೆಯ ಥರ್ಮೋಸ್ಟಾಟ್‌ಗಳಿಗೂ ಆ್ಯಪ್ ಸಂಪರ್ಕ ನಿಂತಿತು. ಆದರೆ ಅವು ಪೂರ್ತಿ ಸಾಯಲಿಲ್ಲ. ಗೋಡೆಯ ಮೇಲಿನ ಗುಂಡನೆಯ ಉಂಗುರವನ್ನು ಕೈಯಿಂದ ತಿರುಗಿಸಿದರೆ ಇಂದಿಗೂ ಕೆಲಸ ಮಾಡುತ್ತವೆ. ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಈ ಉಂಗುರದ ಬಗ್ಗೆ: ನೆಟ್ ಹೋದರೆ ಕೈಯಲ್ಲಿ ನಡೆಯುತ್ತದೆಯೇ?

ಎರಡನೆಯ ಪ್ರಶ್ನೆ ಸರ್ಕಾರಕ್ಕೆ: ಸಾಧನಕ್ಕೆ ಎಲ್ಲಿಯವರೆಗೆ ಆಸರೆ ಎಂದು ಕಂಪನಿಗಳಿಂದ ಮೊದಲೇ ಹೇಳಿಸಬಾರದೇಕೆ? ಸುರಕ್ಷತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಸಿಗುತ್ತದೆ ಎಂದು ಕಂಪನಿಗಳು ತಿಳಿಸಲೇಬೇಕು ಎಂಬ ಕಾನೂನು ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಭಾರತದಲ್ಲಿ ಸೀಲಿಂಗ್ ಫ್ಯಾನಿಗೂ 2023ರಿಂದ ಸ್ಟಾರ್ ಲೇಬಲ್ ಕಡ್ಡಾಯ. ಆ ಲೇಬಲ್ಲಿನ ಪಕ್ಕದಲ್ಲೇ ಸ್ಮಾರ್ಟ್ ಸಾಧನದ ಆಯುಷ್ಯವನ್ನೂ ಇಸವಿ ಸಮೇತ ಅಚ್ಚು ಹಾಕಿಸುವುದು ಅಸಾಧ್ಯದ ಕೆಲಸವೇನಲ್ಲ.